ಹವ್ಯಾಸದ ಕಾಲಂ

ಹವ್ಯಾಸ ಎನ್ನುವ ಕಾಲಂನ ಎದುರು ಬಂದದ್ದೇ ಜಯಪ್ರಕಾಶನ ಗಾಡಿ ನಿಂತುಬಿಟ್ಟಿತು. ಅಲ್ಲಿಯವರೆಗೆ ಎಲ್ಲ ಸಲೀಸು. ಊರು ಸುಳ್ಯದ ಹತ್ತಿರದ ಅಜ್ಜಾವರ, ಕಸುಬು ಕೃಷಿ, ಮನೆಯಲ್ಲಿ ಅಣ್ಣ ಅತ್ತಿಗೆ, ಬಣ್ಣ ಗೋಧಿ. ಮೂವತ್ತೆಂಟು ದಾಟಿದ್ದನ್ನು ಕೂಡ ಒಂದು ವರ್ಷ ನುಂಗದೆ ಇದ್ದ ಹಾಗೇ ಹಾಕಿದ್ದ. ಆದರೆ ಹವ್ಯಾಸ? ಓದುವುದು ಎಂದು ಬರೆದರೆ ಯಾವ ಪುಸ್ತಕ ಎಂದು ಕೇಳುತ್ತಾರೆ. ಸಂಗೀತ ಎಂದರೆ ಹಾಡು ಎನ್ನುತ್ತಾರೆ. ಅವನಿಗೆ ನಿಜವಾಗಿ ಇದ್ದ ಹುಚ್ಚು ಒಂದೇ, ಕೆಟ್ಟ ಪಂಪನ್ನು ಬಿಚ್ಚುವುದು. ಅಜ್ಜಾವರದಲ್ಲಿ ಯಾರ ತೋಟದ ಮೋಟಾರು ಸದ್ದು ಬದಲಾಯಿಸಿದರೂ ಕರೆಯದೆಯೇ ಹೋಗಿ ಕೂರುವ ಜನ ಅವನು. ಅದನ್ನು ಮದುವೆಯ ಅರ್ಜಿಯಲ್ಲಿ ಬರೆಯಬಹುದೋ ಬಾರದೋ ಎಂಬುದೇ ಈಗಿನ ಸಮಸ್ಯೆ.

ಕೇಳೋಣವೆಂದರೆ ಗೋದಾವರಿಯಮ್ಮ ಇರಲಿಲ್ಲ. ಪುತ್ತೂರಿನ ಪೇಟೆಯಲ್ಲಿ, ಒಂದು ಕಂಪ್ಯೂಟರ್ ಅಂಗಡಿಯ ಮಾಳಿಗೆಯ ಒಂದೇ ಕೋಣೆಯಲ್ಲಿ ಅವರ ವಧೂವರರ ಕೇಂದ್ರ. ಯಾವ ಜಾತಿಯವರಾದರೂ ಸರಿ, ಯಾವ ಊರಾದರೂ ಸರಿ, ಮನೆಯ ಒಳಗಿನ ಸಂಗತಿಯನ್ನು ಜನ ಇಲ್ಲಿ ಬಂದು ಹೇಳಿ ಹಗುರಾಗಿ ಮೆಟ್ಟಲಿಳಿಯುತ್ತಿದ್ದರು. ಆ ದಿನ ಅಂಗಡಿಯ ಹಿಂದಿನ ಸಭಾಭವನದಲ್ಲಿ ಉಪನಯನ. ಕರೆದ ಊಟವನ್ನು ಬಿಡುವುದು ಗೋದಾವರಿಯಮ್ಮನ ಜಾಯಮಾನದಲ್ಲೇ ಇರಲಿಲ್ಲ. ಹಳೆಯ ವಿವರವನ್ನು ನೀನೇ ಕೂತು ತಿದ್ದಿಡು, ಕಡಬದ ಹುಡುಗಿ ಪ್ರಣೀತಾ ಬರುವ ಆದಿತ್ಯವಾರ ಇಲ್ಲಿಗೇ ಬರುತ್ತಾಳೆ, ಅಷ್ಟರೊಳಗೆ ನಿನ್ನದೊಂದು ಸರಿಯಾದ ಕಾಗದ ಬೇಕು ಎಂದು ಹೇಳಿ, ಅವನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ಎರಡನೇ ಪಂಕ್ತಿಗೆ ಓಡಿದ್ದರು. ಹೋಗುವಾಗ ಕೀಲಿಮಣೆಯ ಮೇಲಿನ ಸಾಲಿನ ಒಂದು ಕೀಲಿಯನ್ನು ತೋರಿಸಿ, ಯಾವುದಾದರೂ ಅಕ್ಷರ ಸಿಗದಿದ್ದರೆ ಇದನ್ನು ಒತ್ತು, ಕನ್ನಡದ ಅಕ್ಷರಗಳ ಪಟ್ಟಿ ಬರುತ್ತದೆ ಎಂದಿದ್ದರು.

ಜಯಪ್ರಕಾಶ ಕಿಟಕಿಯಿಂದ ಹೊರಗೆ ನೋಡುತ್ತ ಯೋಚಿಸಿದ. ಕೆಳಗೆ ರಸ್ತೆಯ ಆಚೆ ಪಿಕಪ್ಪಿನಿಂದ ಹೊಸ ಪಂಪುಗಳನ್ನು ಇಳಿಸುತ್ತಿದ್ದರು. ಒಂದನ್ನು ತಲೆಕೆಳಗಾಗಿ ಇಳಿಸಿದ್ದು ಕಂಡು ಅವನು ಕುರ್ಚಿಯಿಂದ ಅರ್ಧ ಎದ್ದ. ಅದನ್ನು ಅವರು ನೆಟ್ಟಗೆ ನಿಲ್ಲಿಸುವವರೆಗೂ ನೋಡಿ, ಸಮಾಧಾನವಾದ ಮೇಲೆ ಈ ಕಡೆ ತಿರುಗಿದರೆ ಪರದೆಯ ಮೇಲೆ ಅರ್ಜಿಯೇ ಇಲ್ಲ. ಬರೀ ನೀಲಿ. ನಡುವೆ ಒಂದೇ ಒಂದು ಬಿಳಿ ಚೌಕ.

ಯಾರೂ ಮುಟ್ಟದಿದ್ದರೆ ಕಂಪ್ಯೂಟರು ತನಗೆ ತಾನೇ ಬೀಗ ಹಾಕಿಕೊಳ್ಳುತ್ತದೆ, ಆ ಚೌಕ ಪಾಸ್‌ವರ್ಡಿನದ್ದು ಎಂದು ಈಗಿನ ಶಾಲೆಯ ಮಕ್ಕಳಿಗೂ ಗೊತ್ತು. ಜಯಪ್ರಕಾಶನ ವ್ಯವಹಾರವೆಲ್ಲ ಫೋನಿನಲ್ಲಿ. ಅವನು ತಿಳಿದದ್ದು ಹವ್ಯಾಸದ ಕಾಲಂ ದೊಡ್ಡದಾಗಿ ಎದುರಿಗೇ ಬಂದಿದೆ ಎಂದು. ಆದದ್ದಾಗಲಿ ಎಂದುಕೊಂಡು ಅದರೊಳಗೆ 'ಪಂಪ್ ರಿಪೇರಿ' ಎಂದು ಬರೆಯಲು ಹೊರಟ. ಅಕ್ಷರದ ಬದಲು ಚುಕ್ಕಿ ಬಂತು. ಮತ್ತೊಂದು ಒತ್ತಿದ, ಮತ್ತೊಂದು ಚುಕ್ಕಿ. ತಾನು ಒತ್ತಿದ ಅಕ್ಷರ ತಪ್ಪಿರಬೇಕೆಂದು ಗೋದಾವರಿಯಮ್ಮ ತೋರಿಸಿದ್ದ ಕೀಲಿಯನ್ನು ಒತ್ತಿದ. ಹೇಳಿದ ಹಾಗೆಯೇ ಪಟ್ಟಿ ಬಂತು. ಅ ಆ ಇ ಈ, ಕಾಗುಣಿತ, ಒತ್ತಕ್ಷರ, ಎಲ್ಲ ಸಾಲಾಗಿ ನಿಂತಿದ್ದವು. ಪಟ್ಟಿಯ ಕೆಳಗೆ ಮುದ್ರಿಸು ಎಂಬ ಗುಂಡಿ ಇತ್ತು.

ಗುಂಡಿ ಕಂಡರೆ ಒತ್ತದೆ ಇರುವ ಜನ ಬೇರೆ. ಪಟ್ಟಿ ಮನೆಗೂ ಒಂದು ಬೇಕಾದೀತು ಎಂದು ಅವನು ಒತ್ತಿದ. ಪ್ರಿಂಟರು ಆನ್ ಆಗಿರಲಿಲ್ಲ. ಹಾಗಾದರೆ ಎಲ್ಲಿ ಇಡಲಿ ಎಂದು ಕಂಪ್ಯೂಟರು ಕೇಳಿತು, ಕೇಳಿದ್ದಲ್ಲದೆ ಇಡಲು ಇರುವ ಜಾಗಗಳನ್ನೆಲ್ಲ ಒಂದು ಕಿಟಕಿಯಲ್ಲಿ ತೆರೆದು ತೋರಿಸಿತು. ಹುಡುಗರು. ಹುಡುಗಿಯರು. ಜಾತಕ. ಫೋಟೊ. ಕೊನೆಯಲ್ಲಿ, ನನ್ನ ಟಿಪ್ಪಣಿ.

ಆಗ ಅವನಿಗೆ ಹೊಳೆಯಿತು. ಹಿಂದೆ ನೀಲಿ ಪರದೆ ಹಾಗೆಯೇ ಇತ್ತು, ಚೌಕವೂ ಇತ್ತು, ಚುಕ್ಕಿಗಳೂ ಇದ್ದವು. ಬೀಗ ಬಿದ್ದೇ ಇದೆ, ತಾನು ಮಾತ್ರ ಒಳಗಿದ್ದೇನೆ! ಕಳ್ಳನಿಗೆ ಹೆದರಿಕೆ ಆಗಬೇಕಾದ ಹೊತ್ತಿನಲ್ಲಿ ಇವನಿಗೆ ಆದದ್ದು ಖುಷಿ. ತೋಟದ ಬೇಲಿಯಲ್ಲಿ ತಡಮೆ ಇಡುವುದಿಲ್ಲವೇ, ದನ ದಾಟದ ಹಾಗೆ, ಆದರೆ ಜನ ಕಾಲೆತ್ತಿ ದಾಟುವ ಹಾಗೆ? ಇದೂ ಹಾಗೆಯೇ. ಆದರೆ ತಡಮೆಯನ್ನು ನಾವು ಬೇಕೆಂದೇ ಇಡುತ್ತೇವೆ. ಇದನ್ನು ಇಟ್ಟವರು ಯಾರು?

ಟಿಪ್ಪಣಿಯ ಒಳಗೆ ಹೆಸರುಗಳ ಸಾಲು. ಜಯಪ್ರಕಾಶ್, ಅಜ್ಜಾವರ. ತುಸು ಕೆಳಗೆ, ಪ್ರಣೀತಾ, ಕಡಬ.

ಬಾಣದ ಗುರುತು ಪ್ರಣೀತಾಳ ಹೆಸರಿನ ಮೇಲೆ ಹೋಗಿ ಕೂತಿತು. ಸುಳ್ಳೇಕೆ ಹೇಳಬೇಕು, ಅವನೇ ಕೂರಿಸಿದ. ಎಷ್ಟು ಹೆಣ್ಣು ನೋಡಿ ಆಗಿತ್ತೋ ಅವನೇ ಲೆಕ್ಕ ಬಿಟ್ಟಿದ್ದ. ತೋಟದವನು ಬೇಡ ಎಂದವರು ಕೆಲವರು, ಹುಡುಗ ಒಳ್ಳೆಯವನೇ ಆದರೆ ಎಂದು ಮಾತು ನುಂಗಿದವರು ಹಲವರು. ಈಗ ಒಬ್ಬಳು ಊರು ಬಿಡುವ ಆಸೆ ಇಲ್ಲದವಳು, ಕಡಬದಲ್ಲೇ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ತಾನಾಗಿ ಭೇಟಿಗೆ ಒಪ್ಪಿದ್ದಳು. ಅವಳಿಗೆ ಏನು ಇಷ್ಟ, ಏನು ಇಷ್ಟವಿಲ್ಲ ಎಂದು ಮೊದಲೇ ಗೊತ್ತಾದರೆ? ಬೆರಳು ಇನ್ನೇನು ಒತ್ತಬೇಕು, ಅವನಿಗೆ ತನ್ನ ಮುಖದ ನೆನಪಾಯಿತು. ಚಿಕ್ಕಂದಿನಲ್ಲಿ ಬೆಲ್ಲ ಕದ್ದರೆ ಬಾಯಿ ಒರೆಸಿಕೊಂಡರೂ ಅವನ ಮುಖವೇ ಹೋಗಿ ಅಮ್ಮನಿಗೆ ಹೇಳುತ್ತಿತ್ತು. ಆದಿತ್ಯವಾರ ಅವಳ ಎದುರು ಕೂತು, ಗೊತ್ತಿದ್ದದ್ದನ್ನು ಗೊತ್ತಿಲ್ಲ ಎಂಬ ಹಾಗೆ ಕೇಳುವುದು ತನ್ನಿಂದ ಆಗುವ ಕೆಲಸವೇ? ಅವನು ಬಾಣವನ್ನು ಮೇಲೆ ತಂದು ತನ್ನದೇ ಹೆಸರನ್ನು ಒತ್ತಿದ.

ನಾಲ್ಕಾರು ಸಾಲು ಇತ್ತು. ಓದಿದ. ಕಿವಿ ಬಿಸಿಯಾಯಿತು. ಮತ್ತೊಮ್ಮೆ ಓದಿದ. ಅದರಲ್ಲಿ ಏನಿತ್ತು ಎನ್ನುವುದು ಸದ್ಯಕ್ಕೆ ಅವನಲ್ಲೇ ಇರಲಿ.

ಗೋದಾವರಿಯಮ್ಮ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಮೆಟ್ಟಲು ಹತ್ತಿ ಬಂದಾಗ ಅವನು ಪರದೆಯ ಮೇಲಿನ ಕಿಟಕಿಯನ್ನು ಮುಚ್ಚಿರಲೂ ಇಲ್ಲ. ಎದ್ದು ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಿಮ್ಮ ಬೀಗ ತೆಗೆಯದೆ ಒಳಗೆ ಹೋಗುವ ದಾರಿ ಇದೆ, ನಾನು ಹೋಗಿದ್ದೇನೆ, ನನ್ನದೊಂದನ್ನು ಓದಿದ್ದೇನೆ, ಬೇರೆ ಯಾರದ್ದನ್ನೂ ಮುಟ್ಟಿಲ್ಲ. ಗೋದಾವರಿಯಮ್ಮ ಪರದೆಯನ್ನು ನೋಡಿದರು, ಅಲ್ಲಿ ತಾವೇ ಬರೆದ ಸಾಲುಗಳನ್ನು ನೋಡಿದರು, ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದರು.

"ನಾನು ಬಾಗಿಲು ಹಾಕದೆ ಹೋದೆ, ನೀನು ಹೊಕ್ಕಿದೆ. ಅದಕ್ಕೆ ಇಷ್ಟುದ್ದದ ಕತೆ ಎಂತಕ್ಕೆ ಮಾರಾಯ?"

ಕತೆಯಲ್ಲ ಎಂದು ತೋರಿಸಲು ಹೊರಟು ಜಯಪ್ರಕಾಶ ಪೇಚಿಗೆ ಸಿಕ್ಕಿಬಿದ್ದ. ಗೋದಾವರಿಯಮ್ಮ ಎಲ್ಲ ಮುಚ್ಚಿ, ಪಾಸ್‌ವರ್ಡ್ ಹಾಕಿ ತೆರೆದು, ಮತ್ತೆ ಬೀಗ ಹಾಕಿ ಕೊಟ್ಟರು. ಅವನು ಅದೇ ಚೌಕ, ಅದೇ ಕೀಲಿ ಎಂದು ಒತ್ತಿದರೆ ಪಟ್ಟಿ ಬರಲೇ ಇಲ್ಲ. ಎಷ್ಟು ಒತ್ತಿದರೂ ಬರಲಿಲ್ಲ. ಗೋದಾವರಿಯಮ್ಮ ಕೈಕಟ್ಟಿ ನಿಂತಿದ್ದರು. ಸರಿ ಮಾಡಿದ್ದನ್ನು ಇನ್ನೊಮ್ಮೆ ಮಾಡುವುದು ಸುಲಭ, ತಪ್ಪಿ ಮಾಡಿದ್ದನ್ನು ಬೇಕೆಂದು ಇನ್ನೊಮ್ಮೆ ಮಾಡುವುದು ಹೇಗೆ? ಅವನ ಅನುಭವದಲ್ಲಿ ಪಂಪುಗಳೂ ಹೀಗೆಯೇ. ಕೆಟ್ಟು ಕೂತದ್ದನ್ನು ಸರಿಮಾಡಬಹುದು. ಒಮ್ಮೆ ಕೆಟ್ಟು, ನೋಡುವವರು ಬಂದ ಕೂಡಲೇ ಸಾಧುವಾಗುವ ಪಂಪು ಮನುಷ್ಯನ ಮಾನ ತೆಗೆಯುತ್ತದೆ. ಆಗ ಮಾಡುವುದು ಒಂದೇ, ಕೆಡುವ ಮೊದಲು ಏನೇನು ಇತ್ತೋ ಅಷ್ಟನ್ನೂ ಮರಳಿ ತರುವುದು.

ಅವನು ಕುರ್ಚಿಯನ್ನು ಮೊದಲಿದ್ದ ಕಡೆಗೆ ಸರಿಸಿದ. ಕಿಟಕಿಯ ಆಚೆ ನೋಡಿದ. ಈ ಕಡೆ ತಿರುಗಿದ. ನಾನು ಬರೆಯಲು ಹೊರಟದ್ದು ಏನು? ಹವ್ಯಾಸ. ಯಾವ ಭಾಷೆಯಲ್ಲಿ? ಕನ್ನಡದಲ್ಲಿ.

ಪಾಸ್‌ವರ್ಡ್ ಹಾಕಲು ಗೋದಾವರಿಯಮ್ಮ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿದ್ದರು, ಅದು ಹಾಗೆಯೇ ಉಳಿದಿತ್ತು. ಅವನು ಅದನ್ನು ಕನ್ನಡಕ್ಕೆ ತಿರುಗಿಸಿ, ಬಿಳಿ ಚೌಕದಲ್ಲಿ ಪಂಪ್ ಎಂದು ಬರೆದು, ಕೀಲಿ ಒತ್ತಿದ. ಪಟ್ಟಿ ಬಂತು. ಮುದ್ರಿಸು ಎಂದ. ಕಿಟಕಿ ತೆರೆಯಿತು. ಗೋದಾವರಿಯಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.

ಕೆಳಗಿನ ಅಂಗಡಿಯ ಗೌರೀಶಂಕರನನ್ನು ಕರೆದದ್ದಾಯಿತು. ಕಂಪ್ಯೂಟರನ್ನು ಕೊಟ್ಟವನು ಅವನೇ. ಪಾಸ್‌ವರ್ಡ್ ಇಲ್ಲದೆ ದೇವರಿಗೂ ಒಳಗೆ ಹೋಗಲಿಕ್ಕೆ ಆಗುವುದಿಲ್ಲ ಎಂದು ಮೆಟ್ಟಲಿನಿಂದಲೇ ಹೇಳುತ್ತ ಬಂದ. ತಾನೇ ಕೂತು ಪರೀಕ್ಷೆ ಮಾಡಿದ, ಇಂಗ್ಲಿಷಿನಲ್ಲಿ. ಬೀಗ ಗಟ್ಟಿಯಾಗಿತ್ತು. ಆಮೇಲೆ ಜಯಪ್ರಕಾಶ ಕೂತು ಕನ್ನಡದಲ್ಲಿ ಮಾಡಿ ತೋರಿಸಿದ. ಗೌರೀಶಂಕರ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಮತ್ತೆ ಮಾಡಿ ಎಂದ. ಮತ್ತೆ ಮಾಡಿದ. ಇನ್ನೊಮ್ಮೆ ಎಂದ. ಮೂವರೂ ಪರದೆಗೆ ಮೂಗು ತಾಗಿಸಿಕೊಂಡು ನೋಡಿದರು.

"ಇದನ್ನು ಮಾಡಿದವರು ಎಲ್ಲ ಕಡೆಯಿಂದ ದೂಡಿ ನೋಡಿರ್ತಾರೆ," ಎಂದ ಗೌರೀಶಂಕರ. "ಪಾಸ್‌ವರ್ಡಿನ ಜಾಗದಲ್ಲಿ ಕೂತು ಒಬ್ಬ ಕನ್ನಡ ಬರೀತಾನೆ ಅಂತ ಎಣಿಸಿರ್ಲಿಕ್ಕಿಲ್ಲ."

ಹಳೆಯ ಕಂಪ್ಯೂಟರು, ಅದರ ತಂತ್ರಾಂಶಕ್ಕೆ ಹಾಕುವ ತೇಪೆ ಈಗ ಸಿಗುವುದಿಲ್ಲ, ಹೊಸದನ್ನು ತಂದು ಎಲ್ಲವನ್ನೂ ಅದಕ್ಕೆ ದಾಟಿಸಬೇಕು, ಮುಂದಿನ ವಾರ ಆದೀತು ಎಂದು ಹೇಳಿ ಅವನು ಇಳಿದುಹೋದ. ಅಷ್ಟರವರೆಗೆ ಕೋಣೆಗೆ ಬೀಗ ಹಾಕದೆ ಊಟಕ್ಕೆ ಹೋಗಬೇಡಿ ಎಂದೂ ಹೇಳಿದ.

ಗೋದಾವರಿಯಮ್ಮನ ಮುಖದಲ್ಲಿ ಉಪನಯನದ ಕಳೆ ಹೋಗಿತ್ತು. ಎಷ್ಟೋ ಮಧ್ಯಾಹ್ನ ಈ ಕುರ್ಚಿಯಲ್ಲಿ ಹೀಗೇ ಒಬ್ಬೊಬ್ಬರನ್ನು ಕೂರಿಸಿ ಹೋದದ್ದುಂಟು. ಯಾರು ಯಾವ ಗುಂಡಿ ಒತ್ತಿದರೋ ಯಾರಿಗೆ ಗೊತ್ತು? ಈ ಸುದ್ದಿ ಹೊರಗೆ ಹೋದರೆ ಮಗಳ ವಿಷಯವನ್ನು ಯಾವ ತಾಯಿ ತನ್ನ ಹತ್ತಿರ ಹೇಳಿಯಾಳು? ಹಾಗೆಂದು ಗೋಳಾಡಿದವರು, ಕೊನೆಗೆ ಜಯಪ್ರಕಾಶನ ಕಡೆ ತಿರುಗಿ ದನಿ ತಗ್ಗಿಸಿದರು.

"ಪ್ರಣೀತಾ ನನ್ನ ಹತ್ತಿರ ಕಣ್ಣೀರು ಹಾಕಿ ಹೇಳಿದ ವಿಷಯ ಉಂಟು ಇದರಲ್ಲಿ. ನೀನು ಅವಳ ಎದುರು ಈ ಸುದ್ದಿ ತೆಗೆದರೆ ಅವಳು ಎದ್ದು ಹೋಗ್ತಾಳೆ. ನನ್ನ ಕೇಂದ್ರವೂ ಹೋಯ್ತು, ನಿನ್ನ ಮದುವೆಯೂ ಹೋಯ್ತು. ಬಾಯಿ ಮುಚ್ಚಿ ಕೂತುಕೋ."

ಅವನು ಮಾತು ಕೊಡದೆ ಮೆಟ್ಟಲಿಳಿದ. ಸುಳ್ಯದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬರುವಾಗ ಗೋದಾವರಿಯಮ್ಮ ಹೇಳಿದ್ದು ಸರಿ ಎಂದೇ ಅವನಿಗೆ ಅನಿಸಿತು. ಓದಿಲ್ಲ ತಾನೇ? ಓದದ ಮೇಲೆ ಹೇಳುವುದಕ್ಕೆ ಏನಿದೆ? ಆದರೆ ಬಾಗಿಲು ತೆರೆದಿತ್ತು, ನಾನು ಹೊಸ್ತಿಲಲ್ಲಿ ನಿಂತಿದ್ದೆ, ಒಳಗೆ ಹೋಗಲಿಲ್ಲ ಎನ್ನುವುದು ಕೂಡ ಮನೆಯವರಿಗೆ ಗೊತ್ತಿರಬೇಕಾದ ಸಂಗತಿಯೇ ಅಲ್ಲವೇ? ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೆ ಈ ಮಾತು ಮದುವೆಯಾದ ಮೇಲೂ ಮನೆಯ ಮೂಲೆಯಲ್ಲಿ ಕೂತಿರುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಿದ್ದರು ಅಮ್ಮ. ಅಮ್ಮನ ಮಾತು ಕೇಳಿದ್ದರೆ ಇಷ್ಟು ಹೊತ್ತಿಗೆ ಅವನಿಗೆ ಮದುವೆಯಾಗಿ ಮಕ್ಕಳು ಶಾಲೆಗೆ ಹೋಗಬೇಕಿತ್ತು.

ಆದಿತ್ಯವಾರ ಪ್ರಣೀತಾ ಕಡಬದಿಂದ ಬಸ್ಸಿನಲ್ಲಿ ಒಬ್ಬಳೇ ಬಂದಳು. ತೆಳ್ಳಗೆ, ಸಾದಾ ಚೂಡಿದಾರ, ಮೂವತ್ತನಾಲ್ಕರ ಹೆಂಗಸಿಗೆ ಇರಬೇಕಾದ ನಿಧಾನ. ಮುಖದಲ್ಲಿ ಮಾತ್ರ ಒಂದು ಗೆರೆಯೂ ಆಚೀಚೆ ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ರಿಪೋರ್ಟು ಕೊಡುವಾಗ ಜನ ಕಾಗದ ನೋಡುವ ಮೊದಲು ತನ್ನ ಮುಖ ನೋಡುತ್ತಾರೆ, ಹಾಗಾಗಿ ಮುಖವನ್ನು ಖಾಲಿ ಇಟ್ಟು ಅಭ್ಯಾಸವಾಗಿದೆ ಎಂದು ಅವಳೇ ಹೇಳಿದಳು. ಜಯಪ್ರಕಾಶನಿಗೆ ಈ ವಿದ್ಯೆಯ ಬಗ್ಗೆ ಬಹಳ ಗೌರವ ಹುಟ್ಟಿತು. ಗೋದಾವರಿಯಮ್ಮ ಕಷಾಯ ಬಗ್ಗಿಸಿ ಕೊಟ್ಟು, ಮೂಲೆಯಲ್ಲಿ ಕೂತು ಯಾವುದೋ ಫೋಟೊಗಳನ್ನು ಜೋಡಿಸುವ ನಾಟಕ ಶುರುಮಾಡಿದರು. ಕಣ್ಣು ಫೋಟೊದಲ್ಲಿ, ಕಿವಿ ಇಲ್ಲಿ.

ಮಳೆ, ಬಸ್ಸು, ಕಡಬದ ಸೆಕೆ, ಅಜ್ಜಾವರದ ಸೆಕೆ. ಮಾತು ಚೆನ್ನಾಗಿಯೇ ಹೋಗುತ್ತಿತ್ತು. ಅವಳು ಒಮ್ಮೆ ನಕ್ಕಳು ಕೂಡ. ಇನ್ನು ಸುಮ್ಮನಿದ್ದರೆ ಸಾಕು, ಕೆಲಸ ಆಗುತ್ತದೆ ಎಂದು ಅವನಿಗೇ ತಿಳಿಯಿತು. ತಿಳಿದ ಗಳಿಗೆಯಲ್ಲೇ ಲೋಟ ಕೆಳಗಿಟ್ಟ.

"ಒಂದು ವಿಷಯ ಮೊದಲೇ ಹೇಳಿಬಿಡ್ತೇನೆ," ಎಂದ. "ಆಮೇಲೆ ನೀವು ಎದ್ದು ಹೋಗುದಾದ್ರೂ ಹೋಗಬಹುದು."

ಮೂಲೆಯಲ್ಲಿ ಫೋಟೊಗಳು ನೆಲಕ್ಕೆ ಬಿದ್ದವು. ಅವನು ತಿರುಗಿ ನೋಡದೆ ಎಲ್ಲವನ್ನೂ ಹೇಳಿದ. ಹವ್ಯಾಸದ ಕಾಲಂ, ಚುಕ್ಕಿ, ಪಟ್ಟಿ, ಗುಂಡಿ. ಅವಳ ಹೆಸರಿನ ಮೇಲೆ ಬಾಣ ಇಟ್ಟದ್ದನ್ನೂ ಬಿಡಲಿಲ್ಲ. ಅವನು ಮುಗಿಸಿದ ಮೇಲೆ ಪ್ರಣೀತಾ ಗೋದಾವರಿಯಮ್ಮನ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಗೋದಾವರಿಯಮ್ಮ, ಹೌದು ಮಗಾ, ಹೊಸದು ಬರ್ತಾ ಉಂಟು ಎಂದರು.

ಅವಳು ಚೀಲ ಎತ್ತಿಕೊಂಡು ಎದ್ದಳು. ಆಯಿತು, ಮುಗಿಯಿತು ಎಂದುಕೊಂಡ ಜಯಪ್ರಕಾಶ. ಎಂದೂ ಆಗದಷ್ಟು ಬೇಸರವಾಯಿತು ಅವನಿಗೆ. ಆದರೆ ಅವಳು ಬಾಗಿಲಿನ ಕಡೆ ಹೋಗದೆ ಕಂಪ್ಯೂಟರಿನ ಎದುರಿನ ಕುರ್ಚಿಯಲ್ಲಿ ಕೂತಳು.

"ತೋರಿಸಿ. ನೀವು ಮಾಡುದು ಬೇಡ. ನೀವು ಹೇಳಿ, ನಾನು ಮಾಡ್ತೇನೆ."

ಅವನು ಹೇಳಿದ. ಅವಳು ಮಾಡಿದಳು. ಚುಕ್ಕಿಗಳಷ್ಟೇ ಕಂಡದ್ದರಿಂದ ಅವಳು ಬರೆದ ಪದ ಯಾವುದೋ ತಿಳಿಯಲಿಲ್ಲ. ಪಟ್ಟಿ ಬಂದಾಗ ಅವಳ ಹುಬ್ಬು ಏರಿತು. ಜಾಗಗಳ ಕಿಟಕಿ ತೆರೆದಾಗ ಅವಳು ತನಗೆ ತಿಳಿಯದೆಯೇ ಮುಂದಕ್ಕೆ ಬಾಗಿದಳು. ಎಲ್ಲ ಮುಚ್ಚಿ ಇನ್ನೊಮ್ಮೆ ಮೊದಲಿನಿಂದ ಮಾಡಿದಳು. ಕನ್ನಡ ತೆಗೆದು ನೋಡಿದಳು, ಬರಲಿಲ್ಲ. ಕನ್ನಡ ಹಾಕಿ ನೋಡಿದಳು, ಬಂತು. ಪ್ರಿಂಟರು ಆನ್ ಇದ್ದರೆ ಎಂತಾಗ್ತದೆ ಎಂದು ಕೇಳಿದಳು. ಅದು ಅವನಿಗೆ ಹೊಳೆದೇ ಇರಲಿಲ್ಲ. ಆನ್ ಮಾಡಿ ನೋಡಿದರು. ಪ್ರಿಂಟರು ಪಟ್ಟಿಯನ್ನು ಸುಮ್ಮನೆ ಅಚ್ಚು ಹಾಕಿ ಕೊಟ್ಟಿತು, ಬಾಗಿಲು ತೆರೆಯಲೇ ಇಲ್ಲ. ಹಾಗಾದರೆ ಆ ದಿನ ಗೋದಾವರಿಯಮ್ಮ ಪ್ರಿಂಟರು ಆಫ್ ಮಾಡಿ ಊಟಕ್ಕೆ ಹೋದದ್ದೇ ಸಂಗತಿ ಎಂದು ಇಬ್ಬರೂ ಒಂದೇ ಸಲಕ್ಕೆ ಹೇಳಿದರು.

ಆಫ್ ಮಾಡಿ ಅವಳು ಮತ್ತೆ ಒಳಗೆ ಹೋದಳು. ಬಾಣ ಹೆಸರುಗಳ ಮೇಲೆ ನಿಧಾನವಾಗಿ ಇಳಿದು ಪ್ರಣೀತಾ, ಕಡಬ ಎನ್ನುವಲ್ಲಿ ನಿಂತಿತು. ಅವಳು ಪರದೆ ನೋಡುತ್ತಿರಲಿಲ್ಲ. ತಿರುಗಿ ಅವನ ಮುಖವನ್ನು ನೋಡುತ್ತಿದ್ದಳು.

"ಇದನ್ನು ತೆಗೆದಿದ್ದೀರಾ?"

"ಇಲ್ಲ."

"ಹೇಗೆ ನಂಬುದು?"

ಅವನು ಯೋಚಿಸಿದ. "ನಂಬ್ಲಿಕ್ಕೆ ದಾರಿ ಇಲ್ಲ," ಎಂದ.

ಅವಳು ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಳು. ಆ ಹಾಳು ಮುಖ ಅಂದು ಏನು ಹೇಳಿತೋ, ಅವಳು ಬಾಣವನ್ನು ಮೇಲಕ್ಕೆ ಒಯ್ದು ಅವನ ಹೆಸರಿನ ಮೇಲೆ ಇಟ್ಟಳು. ಒತ್ತಲಿಲ್ಲ. ಅಲ್ಲಿಯವರೆಗೆ ಇಬ್ಬರೂ ಪೇಟೆಯ ಕನ್ನಡದಲ್ಲಿ ಅಳೆದು ಸುರಿದು ಮಾತಾಡುತ್ತಿದ್ದವರು. ಈಗ ಅವಳು, ಇಬ್ಬರ ಮನೆಯಲ್ಲೂ ಆಡುವ ಅರೆಭಾಷೆಯಲ್ಲಿ, ಅವನ ಬಗ್ಗೆ ಏನು ಬರೆದಿದೆ ಎಂದು ಕೇಳಿದಳು.

"ಎಂತ ಬರ್ದುಟ್ಟು?"

ಜಯಪ್ರಕಾಶ ಗೋದಾವರಿಯಮ್ಮನ ಕಡೆ ನೋಡಿದ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇಡ ಎಂದು ತಲೆಯಾಡಿಸುತ್ತಿದ್ದರು. ಆ ಸಾಲುಗಳು ಅವನಿಗೆ ಬಾಯಿಪಾಠವಾಗಿದ್ದವು. ಕೊನೆಯದೊಂದನ್ನು ಬಿಟ್ಟು ಹೇಳಬಹುದಿತ್ತು. ಅದು ತನಗೆ ಮಾತ್ರವಲ್ಲ, ಅವಳಿಗೂ ತಾಗುವ ಸಾಲು ಎಂದು ಮೊದಲ ಓದಿಗೇ ತಿಳಿದಿತ್ತು. ಬಿಟ್ಟು ಹೇಳಿದರೆ ಮುಖ ಬಿಟ್ಟೀತೇ?

"ಜನ ಒಳ್ಳೆಯದು," ಎಂದ. "ಸುಳ್ಳು ಹೇಳಲು ಬರುವುದಿಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ಕೆಲಸ ಕೆಡಿಸಿಕೊಳ್ಳುತ್ತಾನೆ. ಪಂಪಿನ ಸುದ್ದಿ ತೆಗೆಯದ ಹಾಗೆ ನೋಡಿಕೊಳ್ಳಬೇಕು." ಕೊನೆಯದನ್ನೂ ಬಿಡಲಿಲ್ಲ. "ಎಲ್ಲಿಯೂ ಸಂಬಂಧ ಕೂಡಿ ಬಾರದ ಹುಡುಗಿಯರು ಬಂದರೆ ಇವನನ್ನು ತೋರಿಸಬಹುದು."

ಪ್ರಣೀತಾಳ ಖಾಲಿ ಮುಖ ಖಾಲಿಯಾಗಿಯೇ ಇತ್ತು. ಆಮೇಲೆ ಅವಳು ಮೌಸಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ತನ್ನ ಹೆಸರಿನ ಕಡೆ ಹೋಗಲಿಲ್ಲ. ಕುರ್ಚಿಯನ್ನು ಪೂರ್ತಿ ಅವನ ಕಡೆ ತಿರುಗಿಸಿದಳು. ಕಾಲಿನ ಹತ್ತಿರ ಇಟ್ಟಿದ್ದ ಚೀಲವನ್ನು ಮೇಜಿನ ಮೇಲೆ ಎತ್ತಿಟ್ಟಳು.

ನಮ್ಮ ಮನೆಯ ಬಾವಿಯ ಪಂಪು ಸ್ಟಾರ್ಟ್ ಆಗುವಾಗ ಒಂಥರಾ ಕೆಮ್ಮುತ್ತದೆ, ಎರಡು ಜನ ಬಂದು ನೋಡಿದರೂ ಸರಿಯಾಗಲಿಲ್ಲ, ಅದು ಏನಿರಬಹುದು ಎಂದು ಕೇಳಿದಳು.

ಹೇಗೆ ಕೆಮ್ಮುತ್ತದೆ ಎಂದು ಜಯಪ್ರಕಾಶ ಕೇಳಿದ. ಅವಳು ಗಂಟಲಿನಲ್ಲಿ ಮಾಡಿ ತೋರಿಸಿದಳು. ಹಾಗೋ ಅಥವಾ ಹೀಗೋ ಎಂದು ಅವನೂ ಮಾಡಿ ತೋರಿಸಿದ. ಗೋದಾವರಿಯಮ್ಮ ನೆಲದ ಮೇಲೆ ಬಿದ್ದಿದ್ದ ಫೋಟೊಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ಯಾರೂ ಮುಟ್ಟದ ಕಂಪ್ಯೂಟರಿನಲ್ಲಿ ಹೆಸರುಗಳೆಲ್ಲ ಮಾಯವಾಗಿ, ನೀಲಿ ಪರದೆಯ ನಡುವೆ ಬಿಳಿ ಚೌಕ ಬಂದು ನಿಂತಿತು.